ಕೈ ಕೊಟ್ಟವಳು

ಬೀಳುವುದರಲ್ಲಿ ಅವಳನ್ನು ಮೀರಿಸುವವರು ಊರಲ್ಲೇ ಇರಲಿಲ್ಲ. ಇದೂ ಒಂದು ಹೆಗ್ಗಳಿಕೆಯೇ ಎಂದು ನಗಬೇಡಿ, ಬಿದ್ದು ನೋಡಿದವರಿಗೆ ಮಾತ್ರ ಅದರ ಕಷ್ಟ ಗೊತ್ತು. ಐವತ್ತರ ಹತ್ತಿರದ ಹೆಂಗಸು, ಹಗಲೆಲ್ಲ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಚಾದರ ಮಡಿಸುವವಳು, ಸಂಜೆಯಾದರೆ ಟೈರ್ ಅಂಗಡಿಯ ಮಹಡಿ ಮೇಲಿನ ಆತ್ಮರಕ್ಷಣೆ ತರಗತಿಯ ಹಾಲ್‌ನಲ್ಲಿ ಗಾಳಿಯಲ್ಲೇ ಒಂದು ಸುತ್ತು ತಿರುಗಿ, ಮ್ಯಾಟಿನ ಮೇಲೆ ಪಟಾರನೆ ಅಂಗೈ ಬಡಿದು ಬಿದ್ದು, ಬಿದ್ದ ವೇಗದಲ್ಲೇ ಎದ್ದು ನಿಲ್ಲುತ್ತಿದ್ದಳು. ನೋಡಲು ಬಂದವರು ಬಾಯಿ ಬಿಟ್ಟುಕೊಂಡು ಕೂರುತ್ತಿದ್ದರು. ಬೀಳಿಸಿದ ಮಾಸ್ತರರಿಗೆ ಚಪ್ಪಾಳೆ ಬೀಳುತ್ತಿತ್ತು. ಬಿದ್ದವಳಿಗೆ ಯಾರು ಹೊಡೆಯುತ್ತಾರೆ ಚಪ್ಪಾಳೆ?

ಲಾಂಡ್ರಿಯಲ್ಲಿ ಅವಳಿಗೆ ಪೈಲ್ವಾನಮ್ಮ ಎಂದೇ ಹೆಸರು. ಚಾದರ ಮಡಿಸುವುದು ಇಬ್ಬರ ಕೆಲಸ. ಈ ತುದಿ ಇವಳದು, ಆ ತುದಿ ಜೊತೆಗಾತಿಯದು. ಇಬ್ಬರೂ ಒಂದೇ ಸಲ ಝಾಡಿಸಿ, ಮೂಲೆಗೆ ಮೂಲೆ ಸೇರಿಸಿ, ಒಬ್ಬರ ಕಡೆಗೊಬ್ಬರು ನಡೆದುಬಂದು, ಬೆರಳಿಂದ ಬೆರಳಿಗೆ ಬಟ್ಟೆ ದಾಟಿಸಬೇಕು. ಈ ಜೊತೆಗಾತಿ ಬಾಯಿಬಡುಕಿ, ಆದರೆ ಮನಸ್ಸು ಬೆಳ್ಳಗೆ. ಒಂದು ದಿನ ಇವಳು ಒದ್ದೆ ನೆಲದ ಮೇಲೆ ಜಾರಿ, ಏನೂ ಆಗದವಳಂತೆ ಉರುಳಿ ಎದ್ದಾಗ, "ಬಿಡ್ರೇ, ಜಟ್ಟಿ ಜಾರಿ ಬಿದ್ರೆ ಅದೂ ಒಂದು ಪಟ್ಟು!" ಎಂದು ಇಡೀ ಲಾಂಡ್ರಿಯನ್ನು ನಗಿಸಿದ್ದಳು. ಪೈಲ್ವಾನಮ್ಮನೂ ನಕ್ಕಳು. ಒಳಗೊಳಗೇ ಹಿಗ್ಗಿದಳು ಎಂದರೂ ಸರಿಯೇ.

ಹಿಗ್ಗದೆ ಏನು? ಒಂಟಿ ಹೆಂಗಸು. ಮದುವೆಯ ಗೊಡವೆಗೆ ಹೋದವಳಲ್ಲ. ಮಹಡಿ ಮೇಲೆ ಎರಡು ಕೋಣೆಯ ಬಾಡಿಗೆ ಮನೆ. ಒಂದು ಕಾಲದಲ್ಲಿ ಬಸ್ ಇಳಿದು ಮನೆ ಸೇರುವವರೆಗೂ ಕೈಯಲ್ಲಿ ಬೀಗದಕೈ ಹಿಡಿದು, ಎದೆ ಡವಗುಟ್ಟಿಸಿಕೊಂಡು ನಡೆಯುತ್ತಿದ್ದವಳು. ಹಾಗಿದ್ದಾಗ ಒಂದು ಶಾಲೆಯ ಬಯಲಿನಲ್ಲಿ ಮಾಸ್ತರರ ಪ್ರದರ್ಶನ ನೋಡಿದಳು. ಮಾಸ್ತರರು ಕುಳ್ಳಗೆ, ತೆಳ್ಳಗೆ, ಅಂಗಡಿಯಲ್ಲಿ ಗಲ್ಲಾದ ಮೇಲೆ ಕೂರುವವರ ಹಾಗೆ. ಎದುರಿಗೆ ಎತ್ತಿನಂಥ ಆಳು. ಮಾಸ್ತರರು ಮೈಕ್ ಹಿಡಿದು, "ಬೀದಿಯಲ್ಲಿ ಒಬ್ಬ ಬಂದು ನಿಮ್ಮ ಕೈ ಹಿಡಿದ ಅಂದುಕೊಳ್ಳಿ. ಶಕ್ತಿ ಬೇಡ, ಯುಕ್ತಿ ಸಾಕು" ಎಂದು, ಅವನ ಮಣಿಕಟ್ಟನ್ನು ಎರಡು ಬೆರಳಿನಿಂದ ಹೊರಕ್ಕೆ ತಿರುಗಿಸಿದರು. ಎತ್ತು ಗಾಳಿಯಲ್ಲಿ ಹಾರಿ ಬಿತ್ತು. ಮರುದಿನವೇ ಇವಳು ಟೈರ್ ಅಂಗಡಿಯ ಮೆಟ್ಟಿಲು ಹತ್ತಿದ್ದಳು.

ಅಲ್ಲಿ ಪಾಠ ಶುರುವಾಗುತ್ತಿದ್ದದ್ದೇ ಒಂದು ಮಾತಿನಿಂದ: "ಕೈ ಕೊಡು." ಮಾಸ್ತರರು ಹಾಗೆಂದರೆ ಒಬ್ಬರು ಎದ್ದುಬಂದು ಮಣಿಕಟ್ಟು ಚಾಚಬೇಕು. ಅವರು ತಿರುಚುತ್ತಾರೆ, ಚಾಚಿದವರು ಬೀಳುತ್ತಾರೆ, ಉಳಿದವರು ನೋಡಿ ಕಲಿಯುತ್ತಾರೆ. ಮೊದಲ ತಿಂಗಳು ಇವಳಿಗೆ ಜೀವ ಹೋಗುವಷ್ಟು ನೋವು. ಆಮೇಲೆ ಮಾಸ್ತರರೇ ಗುಟ್ಟು ಹೇಳಿಕೊಟ್ಟರು: "ನೋವು ಬರೋಕೆ ಮುಂಚೆ ಮೈ ದಾರಿ ಬಿಡಬೇಕಮ್ಮ. ಎಳೆದ ಕಡೆಗೆ ಹೋಗಿಬಿಡು." ಹೋದಳು. ನೋವಿಲ್ಲ! ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಿದ್ದು ಎದ್ದಳು. ಅಂದಿನಿಂದ "ಕೈ ಕೊಡು" ಎಂದರೆ ಎದ್ದುಬರುವವಳು ಅವಳೇ. ವರ್ಷಗಳು ಕಳೆದಂತೆ ಮಾಸ್ತರರು ತಿರುಚುವುದೇ ಬೇಕಾಗಲಿಲ್ಲ, ಮುಟ್ಟಿದರೆ ಸಾಕು, ಇವಳು ನೆಲದ ಮೇಲೆ. ಅವರ ವಿದ್ಯೆ ಎಷ್ಟು ಪಕ್ವವಾಗಿದೆ ನೋಡು ಎಂದು ಬೆರಗಾದಳು. ಅಯ್ಯೋ ಹುಚ್ಚಿ, ಪಕ್ವವಾಗಿದ್ದದ್ದು ಅವರ ವಿದ್ಯೆಯಲ್ಲ, ನಿನ್ನ ಬೀಳುವಿಕೆ ಎಂದು ಹೇಳುವವರು ಯಾರೂ ಇರಲಿಲ್ಲ. ಜೊತೆಗಾತಿ ಒಮ್ಮೆ, "ಅಲ್ವೇ, ಬೀದಿ ಪೋಕರಿ ನಿಜವಾಗ್ಲೂ ಹಾಗೆ ಬೀಳ್ತಾನಾ?" ಎಂದು ಕೇಳಿದ್ದಕ್ಕೆ ಇವಳು ಮುಖ ಗಂಟು ಹಾಕಿಕೊಂಡಿದ್ದಳು.

"ನಿಂಗೇನು ಗೊತ್ತು? ಬಿದ್ದಿರೋದು ನಾನು. ನನ್ನ ಮೈಗಿಂತ ದೊಡ್ಡ ಸಾಕ್ಷಿ ಬೇಕಾ?"

ಆ ಮೈ ಸುಳ್ಳು ಸಾಕ್ಷಿ ಹೇಳೀತೆಂದು ಅವಳಾದರೂ ಹೇಗೆ ನೆನೆಸಿಯಾಳು? ಅವಳೂ ಬೇರೆಯವರ ಮಣಿಕಟ್ಟು ತಿರುಚುತ್ತಿದ್ದಳು, ಅವರೂ ಬೀಳುತ್ತಿದ್ದರು. ಆ ಹಾಲ್‌ನಲ್ಲಿ ಎಲ್ಲರೂ ಎಲ್ಲರಿಗೂ ಬೀಳುತ್ತಿದ್ದರು. ಹನ್ನೊಂದು ವರ್ಷ ಹೀಗೇ ನಡೆಯಿತು. ಬಸ್ಸಿನಿಂದ ಇಳಿದರೆ ಈಗ ಬೀಗದಕೈ ಚೀಲದಲ್ಲೇ ಇರುತ್ತಿತ್ತು, ನಡಿಗೆಯಲ್ಲಿ ಒಂದು ಗತ್ತು ಬಂದಿತ್ತು.

ಹೀಗಿರುವಾಗ ತಂಗಿ ಬಂದಳು. ಹತ್ತು ವರ್ಷ ಚಿಕ್ಕವಳು, ಚಪ್ಪಲಿ ಅಂಗಡಿಯಲ್ಲಿ ಗಿರಾಕಿಗಳ ಕಾಲ ಬಳಿ ಕೂತು ಅಳತೆ ನೋಡುವ ಕೆಲಸ. ದವಡೆಯ ಮೇಲೆ ನೀಲಿಗಟ್ಟಿತ್ತು. ಗಂಡನ ಮನೆಗೆ ಇನ್ನು ಕಾಲಿಡುವುದಿಲ್ಲ ಎಂದಳು. ಅವಳೇನೂ ದಡ್ಡಿಯಲ್ಲ, ಎಲ್ಲ ಯೋಚಿಸಿಕೊಂಡೇ ಬಂದಿದ್ದಳು. ಊರಿನ ಇನ್ನೊಂದು ಮೂಲೆಯಲ್ಲಿ ದುಡಿಯುವ ಹೆಂಗಸರ ಹಾಸ್ಟೆಲ್, ಗೇಟಿನಲ್ಲಿ ಕಾವಲು. ಒಂದು ಹಾಸಿಗೆ ಖಾಲಿ ಇದೆ, ಸೋಮವಾರದಿಂದ ಸೇರಬಹುದು ಎಂದಿದ್ದರಂತೆ.

"ಹಾಸ್ಟೆಲಾ? ಒಡಹುಟ್ಟಿದ ಅಕ್ಕ ಬದುಕಿರೋವಾಗ?"

"ಅವನು ಇಲ್ಲಿಗೆ ಬರ್ತಾನೆ ಅಕ್ಕ. ನಿಂಗೊತ್ತಿಲ್ಲ ಅವನ ಕೋಪ."

"ಬರಲಿ. ಬಂದವನು ನಡ್ಕೊಂಡು ವಾಪಸ್ ಹೋಗ್ತಾನಾ ಅದನ್ನ ನೋಡು."

ತಂಗಿ ಎರಡು ಪ್ರದರ್ಶನಗಳಿಗೆ ಬಂದಿದ್ದವಳು, ಅಕ್ಕ ಗಂಡಸರನ್ನು ಉರುಳಿಸುವುದನ್ನು ಕಣ್ಣಾರೆ ಕಂಡವಳು. ಅವಳ ಭುಜ ಸ್ವಲ್ಪ ಸಡಿಲವಾಯಿತು. ಪೊಲೀಸರಿಗೆ ಒಂದು ಮಾತು ಹೇಳಿಡೋಣವೇ ಎಂದಳು, ಅಕ್ಕ ಬೇಡವೆಂದಳು. ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸೋಣವೇ ಎಂದಳು, ಅಕ್ಕ ನಕ್ಕುಬಿಟ್ಟಳು. ಹಾಸ್ಟೆಲಿನ ಹಾಸಿಗೆ ಬೇರೆ ಯಾರಿಗೋ ಹೋಯಿತು. ತಂಗಿ ಅಕ್ಕನನ್ನು ನಂಬಿದಳು, ಅಕ್ಕ ಮಾಸ್ತರರನ್ನು ನಂಬಿದ್ದಳು, ಮಾಸ್ತರರು ಯಾರನ್ನು ನಂಬಿದ್ದರೋ ನಾನರಿಯೆ.

ಭಾನುವಾರ ಮಧ್ಯಾಹ್ನ. ಊಟ ಮುಗಿದಿತ್ತು. ತಂಗಿ ಒಳಗಿನ ಕೋಣೆಯಲ್ಲಿ ಒಗೆದ ಬಟ್ಟೆ ಜೋಡಿಸುತ್ತಿದ್ದಳು. ಬಾಗಿಲು ಬಡಿದ ಸದ್ದಾಯಿತು. ಯಾರೆಂದು ಕೇಳದೆಯೇ ಅಕ್ಕ ತೆರೆದಳು. ತಂಗಿಯ ಗಂಡ. ಕುಡಿದಿರಲಿಲ್ಲ, ಕೂಗಾಡಲಿಲ್ಲ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ.

"ಅಕ್ಕಾ, ಅವಳನ್ನ ಕಳ್ಸಿ. ಮನೆ ಜಗಳ ಮನೆಯಲ್ಲೇ ಮುಗೀಲಿ."

"ಕಳ್ಸಲ್ಲ. ಬಂದ ದಾರೀಲೇ ಇಳ್ಕೊಂಡು ಹೋಗು."

ಅವನು ಒಳಗೆ ಹೆಜ್ಜೆಯಿಟ್ಟ. ಇವಳು ಅಡ್ಡ ನಿಂತಳು. ಭಯವೇ ಆಗಲಿಲ್ಲವಂತೆ, ಆಮೇಲೆ ಹೇಳುತ್ತಿದ್ದಳು. ಮೈಯೆಲ್ಲ ಹಗುರಾಗಿ, ಈಗ ತೋರಿಸುತ್ತೇನೆ ಎಂಬ ಉಮೇದು ಬಂತಂತೆ. ಅವನ ಮಣಿಕಟ್ಟು ಹಿಡಿದು, ಹೆಬ್ಬೆರಳನ್ನು ಸರಿಯಾದ ಜಾಗದಲ್ಲಿ ಊರಿ, ಹೊರಕ್ಕೆ ತಿರುಚಿದಳು. ತಪ್ಪೇನೂ ಮಾಡಲಿಲ್ಲ. ಎಂಥ ಪರೀಕ್ಷೆ ಇಟ್ಟಿದ್ದರೂ ಪೂರ್ತಿ ಅಂಕ ಬರುತ್ತಿತ್ತು.

ಅವನು ಬೀಳಲಿಲ್ಲ. ಹಾರಲಿಲ್ಲ. ತನ್ನ ಕೈಯನ್ನೊಮ್ಮೆ, ಇವಳ ಮುಖವನ್ನೊಮ್ಮೆ ನೋಡಿದ. ಇದೇನು ಆಟ ಎಂಬಂತೆ ಕೈ ಕೊಸರಿಕೊಂಡು, ಇವಳನ್ನು ಪಕ್ಕಕ್ಕೆ ಸರಿಸಲೆಂದು ಇವಳ ಮಣಿಕಟ್ಟನ್ನು ಹಿಡಿದು ಹೊರಕ್ಕೆ ಎಳೆದ. ಎಳೆದ ಅಷ್ಟೇ, ತಳ್ಳಲಿಲ್ಲ, ಹೊಡೆಯಲಿಲ್ಲ.

ಇವಳು ಬಿದ್ದಳು.

ಹನ್ನೊಂದು ವರ್ಷದ ಅಭ್ಯಾಸ. ಮಣಿಕಟ್ಟಿಗೆ ಕೈ ತಾಗಿದ್ದೇ ತಡ, ಮೈ ದಾರಿ ಬಿಟ್ಟಿತು. ಸೊಂಟ ತಿರುಗಿತು, ಕಾಲು ನೆಲ ಬಿಟ್ಟಿತು, ಗದ್ದ ಎದೆಗೆ ಒತ್ತಿಕೊಂಡಿತು, ಪಟಾರನೆ ಅಂಗೈ ನೆಲಕ್ಕೆ ಬಡಿಯಿತು. ಕೂದಲೂ ಕೊಂಕದಂತೆ, ಬಾಗಿಲು ಪೂರ್ತಿ ಬಿಟ್ಟುಕೊಟ್ಟು, ಗೋಡೆಯ ಪಕ್ಕಕ್ಕೆ ಅಚ್ಚುಕಟ್ಟಾಗಿ ಬಿದ್ದಳು. ಅವನೇ ಒಂದು ಕ್ಷಣ ಬೆಪ್ಪಾದ. ಆಮೇಲೆ ನಗು ಬಂತು ಅವನಿಗೆ. "ಉಪಕಾರ ಆಯ್ತು ಅಕ್ಕಾ" ಎಂದು ಇವಳನ್ನು ದಾಟಿ ಒಳಗೆ ಹೋದ.

ಒಳಕೋಣೆಯ ಬಾಗಿಲಲ್ಲಿ ತಂಗಿ ನಿಂತಿದ್ದಳು. ಎಲ್ಲವನ್ನೂ ನೋಡಿದ್ದಳು.

ಮುಂದಿನದನ್ನು ಉದ್ದ ಮಾಡುವುದಿಲ್ಲ, ಹೇಳಲು ಬಾಯಿ ಬರುವುದಿಲ್ಲ. ತಂಗಿಯ ಜಡೆ ಹಿಡಿದು ಮೆಟ್ಟಿಲತ್ತ ಎಳೆದ. ಇವಳು ಎದ್ದು ಹಿಂದಿನಿಂದ ಅವನ ಅಂಗಿ ಜಗ್ಗಿದಳು, ಬೆನ್ನಿಗೆ ಗುದ್ದಿದಳು, ಅವನಿಗೆ ನಾಟಲಿಲ್ಲ. ಮೆಟ್ಟಿಲ ಕಂಬಿಗೆ ಬಡಿದು ತಂಗಿಯ ಕೊರಳೆಲುಬು ಲಟಕ್ಕೆಂದಿತು. ಅಷ್ಟರಲ್ಲಿ ಕೆಳಮನೆಯ ಅಜ್ಜಿ ಹೊರಬಂದು, "ಕಳ್ಳ! ಕಳ್ಳ! ಬನ್ರೋ!" ಎಂದು ಬೀದಿಯೇ ಎದ್ದುಬರುವ ಹಾಗೆ ಕಿರುಚಿಕೊಂಡಳು. ನಾಲ್ಕು ಬಾಗಿಲು ತೆರೆದವು. ಅವನು ಜಡೆ ಬಿಟ್ಟು ಓಡಿದ. ಯಾವ ತರಗತಿಗೂ ಹೋಗದ ಮುದುಕಿ, ಬರಿಯ ಗಂಟಲಿನಿಂದ!

ಆಸ್ಪತ್ರೆಯಲ್ಲಿ ತಂಗಿಯ ಕೈಯನ್ನು ಎದೆಗೆ ಬಿಗಿದು ಕಟ್ಟಿ ಮಲಗಿಸಿದ್ದರು. ಅಕ್ಕ ಪಕ್ಕದಲ್ಲಿ ಇಂಗು ತಿಂದ ಮಂಗನಂತೆ ಕೂತಿದ್ದಳು. ತಂಗಿ ಚಾವಣಿ ನೋಡುತ್ತಲೇ ಕೇಳಿದಳು:

"ಅವನು ನಿನ್ನನ್ನ ತಳ್ಳಲಿಲ್ಲ ಅಲ್ವಾ?"

"ಇಲ್ಲ..."

"ಹೊಡೀಲಿಲ್ಲ."

"ಇಲ್ಲ ಕಣೇ, ಆದ್ರೆ..."

"ನೀನೇ ಬಿದ್ದೆ. ಮುದ್ದಾಗಿ, ದಾರಿ ಬಿಟ್ಟು ಬಿದ್ದೆ. ಅವನು ಉಪಕಾರ ಆಯ್ತು ಅಂದ. ನಾನು ಕಿವಿಯಾರೆ ಕೇಳಿದೆ." ಮೂಳೆಯ ನೋವಿಗೆ ಉಸಿರು ಸಿಕ್ಕಿಕೊಂಡಿತು. "ನೀವಿಬ್ರೂ ಮೊದಲೇ ಮಾತಾಡ್ಕೊಂಡಿದ್ರಾ? ಪೊಲೀಸ್ ಬೇಡ ಅಂದೆ. ಹಾಸ್ಟೆಲ್ ಬೇಡ ಅಂದೆ. ಚಿಲಕ ಬೇಡ ಅಂದೆ. ಕೈ ಕೊಟ್ಟುಬಿಟ್ಟೆಯಲ್ಲ ಅಕ್ಕ."

ಕೈ ಕೊಡು. ಹನ್ನೊಂದು ವರ್ಷ ಸಂಜೆ ಸಂಜೆ ಕೇಳಿದ ಮಾತು. ಮೋಸಕ್ಕೂ ನಮ್ಮಲ್ಲಿ ಅದೇ ಮಾತು ಎಂಬುದು ಅವಳಿಗೆ ಅಂದು ಹೊಳೆಯಿತು. ಎಷ್ಟು ಹೇಳಿದರೂ, ಎಷ್ಟು ಅತ್ತರೂ ತಂಗಿ ಮುಖ ಈಚೆ ತಿರುಗಿಸಲಿಲ್ಲ. ಆಸ್ಪತ್ರೆಯಿಂದ ನೇರವಾಗಿ ಹಾಸ್ಟೆಲಿಗೆ ಹೋದಳು. ಚಪ್ಪಲಿ ಅಂಗಡಿಯ ಯಾರೋ ಓಡಾಡಿ ಇನ್ನೊಂದು ಹಾಸಿಗೆ ಕೊಡಿಸಿದ್ದರು. ಪೊಲೀಸರಲ್ಲೂ ದೂರು ಕೊಟ್ಟಳು, ಅಕ್ಕನನ್ನು ಕರೆಯದೆಯೇ.

ಪೈಲ್ವಾನಮ್ಮ ಟೈರ್ ಅಂಗಡಿಯ ಮೆಟ್ಟಿಲು ಹತ್ತಿದಳು. ಮಾಸ್ತರರು ಮ್ಯಾಟ್ ಗುಡಿಸುತ್ತಿದ್ದರು. ಎಲ್ಲ ಕೇಳಿಸಿಕೊಂಡು, ಪೊರಕೆಯನ್ನು ಗೋಡೆಗೆ ಒರಗಿಸಿ ಲೊಚಗುಟ್ಟಿದರು.

"ಹಿಡಿದ ಕೋನ ತಪ್ಪಿರಬೇಕು."

"ಕೋನ ಸರಿಯಾಗಿತ್ತು ಮಾಸ್ತರೇ. ನೀವು ಹೇಳ್ಕೊಟ್ಟ ಹಾಗೇ ಹಿಡಿದೆ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ." ಹೀಗೆ ಹೇಳಿ ನಕ್ಕರಲ್ಲ ಆ ಮನುಷ್ಯ! ಆ ನಗು ಅವಳನ್ನು ಕೆರಳಿಸಿತು.

"ಹಾಗಾದ್ರೆ ಕುಣಿಯೋಕೆ ಬರೋರು ನೀವು. ಕೆಳಗೆ ಟೈರ್ ಬಿಚ್ಚೋ ಆಳಿದ್ದಾನೆ. ಅವನನ್ನ ಕರೀತೀನಿ. ಅವನಿಗೆ ಬೀಳೋದು ಗೊತ್ತಿಲ್ಲ. ಬೀಳಿಸಿ ನೋಡೋಣ."

ಮಾಸ್ತರರ ನಗು ಇಳಿಯಿತು. ಕೆಳಗಿನಿಂದ ಗಾಳಿ ತುಂಬುವ ಯಂತ್ರದ ಸದ್ದು ಬರುತ್ತಿತ್ತು. ಅವರು ಕರೆಯಲೂ ಇಲ್ಲ, ಕರಿ ಎನ್ನಲೂ ಇಲ್ಲ.

"ನೋಡಮ್ಮ, ಪ್ರದರ್ಶನ ಬೇರೆ, ಬೀದಿ ಬೇರೆ. ಇಷ್ಟು ವರ್ಷದಲ್ಲಿ ಇಷ್ಟೂ ಗೊತ್ತಾಗ್ಲಿಲ್ವಾ?"

"ಮೈಕ್ ಹಿಡಿದು ನೀವೇ ಹೇಳ್ತಿದ್ರಲ್ಲ, ಬೀದೀಲಿ ಒಬ್ಬ ಬಂದು ಕೈ ಹಿಡಿದ ಅಂದ್ಕೊಳ್ಳಿ ಅಂತ!"

"ಮೈಕಲ್ಲಿ ಮತ್ತೇನು ಹೇಳ್ಬೇಕು? ನನ್ನ ಜೊತೆಗಾರರು ತಾವಾಗಿ ಬೀಳ್ತಾರೆ ಅಂತಾನಾ?" ದನಿ ತಗ್ಗಿಸಿದರು. "ನೀನು ಅಷ್ಟು ಚೆನ್ನಾಗಿ ಬೀಳ್ತಿದ್ದೆ. ನಿಂಗೆ ಗೊತ್ತಿದ್ದೇ ಬೀಳ್ತಿದ್ದೀಯ ಅಂದ್ಕೊಂಡಿದ್ದೆ."

ಥೂ! ಹನ್ನೊಂದು ವರ್ಷ ಕಣ್ಣಿಗೆ ಮಣ್ಣೆರಚಿ, ಕೊನೆಗೆ ಕಣ್ಣು ಬಿಟ್ಟುಕೊಂಡಿದ್ದೆಯಲ್ಲ ಎಂದು ಇವಳನ್ನೇ ಕೇಳುವುದೇ? ಅವಳು ಒಂದು ಮಾತು ಮಾತ್ರ ಕೇಳಿದಳು: "ಮನೇಲಿ ನಿಮ್ಮ ಮಗಳಿಗೆ ಇದನ್ನ ಹೇಳ್ಕೊಟ್ಟಿದ್ದೀರಾ?" ಮಾಸ್ತರರು ಮತ್ತೆ ಪೊರಕೆ ತೆಗೆದುಕೊಂಡರು. "ಅವಳಿಗೆ ಓಡು ಅಂತ ಹೇಳ್ಕೊಟ್ಟಿದ್ದೀನಿ" ಎಂದು ನೆಲ ನೋಡುತ್ತ ಅಂದರು. ಅವಳು ಮತ್ತೆಂದೂ ಆ ಮೆಟ್ಟಿಲು ಹತ್ತಲಿಲ್ಲ.

ಲಾಂಡ್ರಿಯಲ್ಲಿ ಈಗ ಅವಳನ್ನು ಯಾರೂ ಪೈಲ್ವಾನಮ್ಮ ಎನ್ನುತ್ತಿರಲಿಲ್ಲ. ಜೊತೆಗಾತಿಯೇ ಎಲ್ಲರ ಬಾಯಿ ಮುಚ್ಚಿಸಿದ್ದಳು. ಒಂದು ದಿನ ಇಸ್ತ್ರಿ ಯಂತ್ರದ ಹಬೆ ಆರಲೆಂದು ಕಾಯುತ್ತಿದ್ದಾಗ ಆಕೆ ಬಂದು ತಮಾಷೆಗೆಂಬಂತೆ ಇವಳ ಮಣಿಕಟ್ಟು ಹಿಡಿದು ಎಳೆದಳು. ಇವಳು ಚಾದರದ ರಾಶಿಯ ಮೇಲೆ ಬಿದ್ದಳು. ಜೊತೆಗಾತಿ ನಗಲಿಲ್ಲ.

"ಏಳೇ. ಇದನ್ನ ಬಿಡಿಸ್ಬೇಕು. ಯಾರು ಕೈ ಹಿಡಿದ್ರೂ ಬೀಳೋ ಹೆಂಗಸು ಈ ಊರಲ್ಲಿ ಬಾಳ್ವೆ ಮಾಡೋದು ಹೇಗೆ?"

ಅಂದಿನಿಂದ ಊಟದ ಬಿಡುವಿನಲ್ಲಿ ಅದೇ ಕೆಲಸ. ಆಕೆ ಎಳೆಯುವುದು, ಇವಳು ಬೀಳುವುದು, ಆಕೆ ಬೈಯುವುದು. "ಕಾಲು ಊರು! ಮಂಡಿ ಬಿಗಿ ಹಿಡಿ! ನೋವಾಗ್ಲಿ ಬಿಡು, ನೋವಾದ್ರೆ ಸಾಯ್ತೀಯಾ?" ಒಮ್ಮೊಮ್ಮೆ ಮಡಿಸುತ್ತ ಮಡಿಸುತ್ತ ಬೇಕೆಂದೇ ಬಟ್ಟೆ ಬಿಟ್ಟು ಕೈ ಹಿಡಿದುಬಿಡುತ್ತಿದ್ದಳು. ನಿಧಾನವಾಗಿ ಮೈ ಕಲಿಯಿತು. ಮಣಿಕಟ್ಟು ಊದಿಕೊಂಡಿತು, ಆದರೆ ನಿಂತಳು. ಒಂದು ದಿನ ಹಿಂದಿನಿಂದ ಬಂದು ಎಳೆದರೂ ಅಲುಗಲಿಲ್ಲ. ಜೊತೆಗಾತಿ ಅವಳನ್ನು ತಬ್ಬಿಕೊಂಡು, "ಗೆದ್ದೆ ಕಣೇ!" ಎಂದು ಕಣ್ಣೀರು ಹಾಕಿದಳು. ಇವಳಿಗೂ ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಣ್ಣಬೇಕೆನಿಸಿತು. ಆ ಧೈರ್ಯದ ಮೇಲೆಯೇ ಅವಳು ತಂಗಿಯನ್ನು ನೋಡಲು ಹೊರಟದ್ದು.

ಹಾಸ್ಟೆಲಿನ ಭೇಟಿ ಕೋಣೆಯಲ್ಲಿ ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ಟಿ.ವಿ. ತಂಗಿಯ ಕೈಯ ಕಟ್ಟು ಬಿಚ್ಚಿದ್ದರು, ಆದರೆ ಆ ಭುಜ ಇನ್ನೂ ಒಂದಿಷ್ಟು ಕುಗ್ಗಿತ್ತು. ಅವಳು ಬರಲಿಕ್ಕಿಲ್ಲ ಎಂದು ಅಕ್ಕ ಅಂದುಕೊಂಡಿದ್ದಳು, ತಂಗಿ ಬಂದಳು. ಕೂತಳು. ಅಕ್ಕ ಈ ಸಲ ಅಳದೆ, ಬಿಡಿಸಿ ಬಿಡಿಸಿ ಹೇಳಿದಳು. ನೋವಿಗೆ ಮುಂಚೆ ಬೀಳುವುದನ್ನು ಹೇಗೆ ಕಲಿತಳು, ಮುಟ್ಟಿದರೆ ಬೀಳುವಂತೆ ಹೇಗಾಯಿತು, ಮಾಸ್ತರರು ಏನೆಂದರು, ಎಲ್ಲವನ್ನೂ. ಲಾಂಡ್ರಿಯ ಮಾತೊಂದು ಉಳಿದಿತ್ತು.

"ಅವನ ಜೊತೆ ನಾನು ಒಂದು ಮಾತೂ ಆಡಿರಲಿಲ್ಲ ಕಣೇ. ಬೇಕು ಅಂತ ಬೀಳಲಿಲ್ಲ. ಕೈ ಹಿಡಿದ ತಕ್ಷಣ ಮೈ ತಾನಾಗಿ ಬಿದ್ದುಬಿಡ್ತು. ನನ್ನಾಣೆಗೂ."

ತಂಗಿ ಕೇಳಿಸಿಕೊಂಡಳು. ಮೊದಲ ಬಾರಿಗೆ ಅಕ್ಕನ ಮುಖ ನೋಡಿದಳು. ಅವಳಿಗೂ ನಂಬಬೇಕೆಂಬ ಆಸೆಯಿತ್ತು, ಅದು ಕಣ್ಣಲ್ಲಿ ಕಾಣುತ್ತಿತ್ತು. ಈ ಲೋಕದಲ್ಲಿ ಅವಳಿಗೂ ಇದ್ದವಳು ಇವಳೊಬ್ಬಳೇ ಅಲ್ಲವೇ?

"ನಿಜವಾಗ್ಲೂ? ಯಾರು ಹಿಡಿದ್ರೂ ಬೀಳ್ತೀಯಾ?"

"ಹ್ಞೂಂ. ಹಾಗೇ ಆಗಿತ್ತು."

"ಏಳು." ತಂಗಿ ಎದ್ದು ನಿಂತಳು. ನೋವಿಲ್ಲದ ಕೈಯನ್ನು ಮುಂದೆ ಚಾಚಿ ಅಕ್ಕನ ಮಣಿಕಟ್ಟು ಹಿಡಿದು, ಆ ಭಾನುವಾರ ಕಂಡಿದ್ದ ಹಾಗೆಯೇ ಹೊರಕ್ಕೆ ಎಳೆದಳು.

ಅಕ್ಕನ ಕಾಲು ಊರಿತು. ಮಂಡಿ ಬಿಗಿಯಿತು. ನಿಂತಳು.

ತಂಗಿ ಇನ್ನಷ್ಟು ಜೋರಾಗಿ, ಎರಡೂ ಕೈ ಸೇರಿಸಿ, ಭುಜದ ನೋವಿಗೆ ಹಲ್ಲು ಕಚ್ಚಿಕೊಂಡು ಎಳೆದಳು. ಬೀಳು ಅಕ್ಕಾ, ಬೀಳು ಎಂದು ಬೇಡಿಕೊಳ್ಳುವ ಹಾಗಿತ್ತು ಆ ಎಳೆತ. ತಾನು ನಿಂತರೆ ಹೇಳಿದ್ದೆಲ್ಲ ಸುಳ್ಳಾಗುತ್ತದೆಂದು ಅಕ್ಕನಿಗೆ ಆಗ ಹೊಳೆಯಿತು. ಬೀಳಲು ನೋಡಿದಳು. ಮೈ ಕೇಳಲಿಲ್ಲ. ಬೇಕೆಂದೇ ಮಂಡಿ ಬಗ್ಗಿಸಹೊರಟಳು, ಅದು ತಂಗಿಯ ಕಣ್ಣಿಗೆ ಬಿದ್ದುಬಿಟ್ಟಿತು.

"ಬೇಡ. ನಾಟಕ ಬೇಡ."

"ಇಲ್ಲ ಕಣೇ, ಈ ಎರಡು ತಿಂಗಳಿಂದ ನಿಲ್ಲೋದು ಕಲಿತೆ. ಲಾಂಡ್ರಿಯಲ್ಲಿ ನನ್ನ ಜೊತೆಯವಳು... ಅವಳನ್ನೇ ಕೇಳು ಬೇಕಾದ್ರೆ..."

"ಹನ್ನೊಂದು ವರ್ಷದ್ದು ಎರಡು ತಿಂಗಳಲ್ಲಿ ಹೋಯ್ತಾ? ನಿಂಗೆ ನಿಲ್ಲೋಕೆ ಬರುತ್ತೆ ಅಕ್ಕ. ಅವತ್ತೊಂದಿನ ನಿಂತಿದ್ರೆ ಸಾಕಾಗಿತ್ತು."

ಹಾಗೆಂದು ತಂಗಿ ಅವಳ ಕೈ ಬಿಟ್ಟಳು.